ಐದು ನಡೆ ಗೊತ್ತಿತ್ತು, ಆರನೆಯದು ಗೊತ್ತಿರಲಿಲ್ಲ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗಿಂತ ಮೊದಲು ಮಾತನಾಡಿದವರಲ್ಲಿ ಡಾಕ್ಟರ್ ಇದ್ದರು, ಇಂಜಿನಿಯರ್ ಇದ್ದರು, ಸೈನ್ಯದಿಂದ ನಿವೃತ್ತರಾಗಿ ಬಂದವರಿದ್ದರು. ನಾನು ಅಂಚೆ ಇಲಾಖೆಯ ಗುಮಾಸ್ತ. ಶನಿವಾರ ಮಧ್ಯಾಹ್ನ ಇದೇ ಶಾಲೆಯ ಮಕ್ಕಳಿಗೆ ಚೆಸ್ ಹೇಳಿಕೊಡುತ್ತೇನೆ, ಅಷ್ಟೇ ನನ್ನ ಸಾಧನೆ. ಹಾಗಾಗಿ ನನಗೆ ಗೊತ್ತಿರುವ ವಿಷಯವನ್ನೇ ಹೇಳುತ್ತೇನೆ. ಚೆಸ್‌ನಲ್ಲಿ ಗ್ಯಾಂಬಿಟ್ ಅಂತ ಒಂದಿದೆ. ಅದನ್ನು ಆಡುವವರು ಯಾಕೆ ಓದಿಕೊಂಡಿರಬೇಕು ಎಂಬುದು ನನ್ನ ವಿಷಯ. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಈ ಶಾಲೆಯ ಹೆಸರಿನಲ್ಲಿ ಆಡಲು ಹೋಗಿ ಸೋತು ಕಲಿತೆ.

ಆಟ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಚೆಸ್ ಎಂದರೆ ನಮ್ಮ ಚದುರಂಗವೇ. ರಾಜ, ಮಂತ್ರಿ, ಎರಡು ಆನೆ, ಎರಡು ಒಂಟೆ, ಎರಡು ಕುದುರೆ, ಎಂಟು ಕಾಲಾಳು. ಇಂಗ್ಲಿಷಿನವರು ಮಂತ್ರಿಯನ್ನು ರಾಣಿ ಎನ್ನುತ್ತಾರೆ. ಗ್ಯಾಂಬಿಟ್ ಎಂದರೆ ಆಟ ಶುರುವಾದ ಕೂಡಲೇ ಒಂದೋ ಎರಡೋ ಕಾಲಾಳನ್ನು ಬೇಕೆಂದೇ ಬಿಟ್ಟುಕೊಡುವುದು. ಇಟಲಿಯ ಭಾಷೆಯಲ್ಲಿ ಕಾಲು ಅಡ್ಡ ಹಾಕಿ ಬೀಳಿಸುವುದಕ್ಕೆ ಇರುವ ಮಾತಿನಿಂದ ಈ ಹೆಸರು ಬಂತು. ಎದುರಾಳಿ ಕಾಲಾಳನ್ನು ತಿನ್ನುವುದರಲ್ಲಿ ಹೊತ್ತು ಕಳೆಯುತ್ತಾನೆ, ಅಷ್ಟರಲ್ಲಿ ನಾವು ಕುದುರೆ, ಒಂಟೆಗಳನ್ನು ಹೊರಗೆ ತಂದು ರಾಜನ ಮೇಲೆ ಬೀಳುತ್ತೇವೆ. ಕಾಲಾಳು ಕೊಟ್ಟು ಸಮಯ ಕೊಳ್ಳುವ ವ್ಯಾಪಾರ ಅದು.

ನನಗೆ ಈ ವ್ಯಾಪಾರ ಸಿಕ್ಕಿದ್ದು ಕಡಲೆಕಾಯಿ ಪೊಟ್ಟಣದಲ್ಲಿ. 1989ರ ಮಾತು, ಆಗ ನಾನು ಹತ್ತನೇ ತರಗತಿ. ಹಿಂದಿನ ವರ್ಷವಷ್ಟೇ ವಿಶ್ವನಾಥನ್ ಆನಂದ್ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆಗಿದ್ದರು, ಪತ್ರಿಕೆಗಳಲ್ಲಿ ಚೆಸ್ ಸುದ್ದಿ ಬರುತ್ತಿತ್ತು. ಸಂತೆಯಲ್ಲಿ ಕಡಲೆಕಾಯಿ ಕಟ್ಟಿಕೊಟ್ಟ ಹಾಳೆಯಲ್ಲಿ ಡೇನಿಶ್ ಗ್ಯಾಂಬಿಟ್ ಎಂಬ ತಲೆಬರಹವೂ ಐದು ನಡೆಗಳೂ ಇದ್ದವು. ಆರನೆಯ ನಡೆ ಇದ್ದ ಅರ್ಧ ಹಾಳೆ ಇನ್ಯಾರದೋ ಪೊಟ್ಟಣಕ್ಕೆ ಹೋಗಿತ್ತು.

ಆ ಐದು ನಡೆಯೇ ನನಗೆ ಸಾಕಾಯಿತು. ಬಿಳಿ ಆಟಗಾರ ರಾಜನ ಮುಂದಿನ ಕಾಲಾಳು, ಆಮೇಲೆ ಮಂತ್ರಿಯ ಮುಂದಿನ ಕಾಲಾಳು, ಆಮೇಲೆ ಒಂಟೆಯ ಮುಂದಿನ ಕಾಲಾಳು ಹೀಗೆ ಒಂದೊಂದಾಗಿ ಮುಂದೆ ತಳ್ಳುತ್ತಾನೆ. ಕಪ್ಪಿನವನ ಒಂದೇ ಕಾಲಾಳು ತಿನ್ನುತ್ತಾ ತಿನ್ನುತ್ತಾ ನಮ್ಮ ಮನೆ ಬಾಗಿಲವರೆಗೆ ಬರುತ್ತದೆ, ಅಲ್ಲಿ ನಮ್ಮ ಒಂಟೆ ಅದನ್ನು ತಿನ್ನುತ್ತದೆ. ಲೆಕ್ಕ ಹಾಕಿದರೆ ನಾವು ಎರಡು ಕಾಲಾಳು ಹಿಂದೆ. ಆದರೆ ನಮ್ಮ ಎರಡು ಒಂಟೆಗಳು ಅಕ್ಕಪಕ್ಕ ನಿಂತು ಇಡೀ ಮಣೆಯ ಉದ್ದಕ್ಕೂ ಕಪ್ಪು ರಾಜನ ಕಡೆ ಗುರಿಯಿಟ್ಟಿರುತ್ತವೆ. ಅವನ ಒಂದು ಕುದುರೆಯೂ ಇನ್ನೂ ಎದ್ದಿರುವುದಿಲ್ಲ.

ಅರಳಿಕಟ್ಟೆಯಲ್ಲಿ ಆಡುತ್ತಿದ್ದ ಹಿರಿಯರನ್ನೆಲ್ಲ ಇದರಿಂದ ಸೋಲಿಸಿದೆ. ಕ್ಷೌರದಂಗಡಿಯಲ್ಲಿ ಸೋಲಿಸಿದೆ. ತಾಲ್ಲೂಕಿನ ಪಂದ್ಯದಲ್ಲಿ ನಾಲ್ಕಕ್ಕೆ ನಾಲ್ಕು ಗೆದ್ದೆ. ಎಲ್ಲರೂ ಒಂದೇ ಥರ ಆಡುತ್ತಿದ್ದರು. ಸಿಕ್ಕ ಎರಡು ಕಾಲಾಳನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂರುವುದು, ಹದಿನೈದು ಇಪ್ಪತ್ತು ನಡೆಯೊಳಗೆ ರಾಜನನ್ನು ಕಳೆದುಕೊಳ್ಳುವುದು. ನಾನು ದೊಡ್ಡ ಆಟಗಾರ ಎಂದು ಊರು ನಂಬಿತು. ಊರಿಗಿಂತ ಮೊದಲೇ ನಾನು ನಂಬಿದ್ದೆ.

ಜಿಲ್ಲಾ ಕೇಂದ್ರದಲ್ಲಿ ಶಾಲಾ ಮಕ್ಕಳ ಪಂದ್ಯ ಬಂತು. ನಮ್ಮಪ್ಪನಿಗೆ ಇಷ್ಟವಿರಲಿಲ್ಲ. 'ಇಸ್ಪೀಟಾದರೇನು, ಚೆಸ್ಸಾದರೇನು, ಕೂತು ಆಡೋದು ತಾನೆ' ಅಂದರು. ಅವ್ವ ಡೈರಿಯ ಬಟವಾಡೆ ಹಣದಲ್ಲಿ ಮೂವತ್ತು ರೂಪಾಯಿ ತೆಗೆದು, ಅಪ್ಪನಿಗೆ ಕಾಣದ ಹಾಗೆ ನನ್ನ ಜೇಬಿಗೆ ಹಾಕಿದಳು. ಆಗ ಆ ಹಣಕ್ಕೆ ಏನು ಬೆಲೆ ಎಂದು ಇಲ್ಲಿರುವ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ. ಗಣಿತದ ಮೇಷ್ಟ್ರು ಬಸ್ಸಿನಲ್ಲಿ ನನ್ನ ಜೊತೆ ಬಂದರು.

ಕೊನೆಯ ಸುತ್ತು. ಗೆದ್ದರೆ ರಾಜ್ಯ ಮಟ್ಟಕ್ಕೆ. ನನ್ನ ಎದುರಿಗೆ ಕನ್ನಡಕ ಹಾಕಿದ ಒಬ್ಬ ಹುಡುಗ. ನಾನು ಬಿಳಿ. ಡೇನಿಶ್ ಆಡಿದೆ. ಅವನು ಸರಸರನೆ ಮೂರೂ ಕಾಲಾಳನ್ನು ತಿಂದ. ನನ್ನ ಐದನೆಯ ನಡೆ ಮುಗಿಯಿತು, ಒಂಟೆಗಳು ಗುರಿಯಿಟ್ಟು ನಿಂತವು. ಆಗ ಅವನು ತನ್ನ ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ಮುಂದೆ ಇಟ್ಟ. ನನ್ನ ಒಂಟೆಯ ಬಾಯಿಗೇ ಇಟ್ಟ. ಬಿಟ್ಟಿಯಾಗಿ ಕೊಡುತ್ತಿದ್ದಾನಲ್ಲ ಎಂದು ಒಂಟೆಯಿಂದ ತಿಂದೆ. ಅವನು ಕುದುರೆ ಎಬ್ಬಿಸಿದ.

ಆಗ ನನ್ನ ಕಣ್ಣಿಗೆ ಒಂದು ನಡೆ ಬಿತ್ತು. ಒಂಟೆಯಿಂದ ಅವನ ರಾಜನ ಪಕ್ಕದ ಕಾಲಾಳನ್ನು ಹೊಡೆದು ಚೆಕ್ ಕೊಟ್ಟರೆ, ಅವನ ರಾಜ ನನ್ನ ಒಂಟೆಯನ್ನು ತಿನ್ನಲೇಬೇಕು. ರಾಜ ಪಕ್ಕಕ್ಕೆ ಸರಿದ ಮೇಲೆ ಅವನ ಮಂತ್ರಿಗೆ ಕಾವಲಿಲ್ಲ, ನನ್ನ ಮಂತ್ರಿ ನೇರ ಹೋಗಿ ಅದನ್ನು ತಿನ್ನಬಹುದು. ಕೈ ನಡುಗಿತು. ಹಾಗೇ ಆಡಿದೆ. ಅವನ ಮಂತ್ರಿಯನ್ನು ಎತ್ತಿ ಮೇಜಿನ ಮೇಲಿಟ್ಟು, ದೂರದಲ್ಲಿ ನಿಂತಿದ್ದ ಮೇಷ್ಟ್ರ ಕಡೆ ತಿರುಗಿ ನಕ್ಕೆ.

ಆ ಹುಡುಗ ನನ್ನ ಕಡೆ ನೋಡಲೂ ಇಲ್ಲ. ತನ್ನ ಒಂಟೆಯನ್ನು ಓರೆಯಾಗಿ ಜಾರಿಸಿ ನನ್ನ ರಾಜನಿಗೆ ಚೆಕ್ ಕೊಟ್ಟ. ಒಂಟೆ ಎದ್ದು ಹೋದ ಜಾಗ ಖಾಲಿಯಾಗಿ, ಮೂಲೆಯಲ್ಲಿದ್ದ ಅವನ ಆನೆಗೆ ದಾರಿ ತೆರೆಯಿತು. ಆ ದಾರಿಯ ತುದಿಯಲ್ಲಿ ನನ್ನ ಮಂತ್ರಿ ನಿಂತಿತ್ತು. ಈ ಕಡೆ ರಾಜನಿಗೆ ಚೆಕ್, ಆ ಕಡೆ ಮಂತ್ರಿಯ ಮೇಲೆ ಆನೆ. ನಾನು ಮಂತ್ರಿಯನ್ನು ತಂದು ಚೆಕ್‌ಗೆ ಅಡ್ಡ ಇಡಬೇಕಾಯಿತು. ಅವನ ಒಂಟೆ ಅದನ್ನು ತಿಂದಿತು, ನನ್ನ ಕುದುರೆ ಆ ಒಂಟೆಯನ್ನು ತಿಂದಿತು.

ಲೆಕ್ಕ ನೋಡಿದರೆ ಇಬ್ಬರದೂ ಸಮ. ಐದೈದು ಕಾಲಾಳು, ಮಂತ್ರಿ ಇಬ್ಬರಿಗೂ ಇಲ್ಲ. ಆದರೆ ನಾನು ಎರಡು ಕಾಲಾಳು ಕೊಟ್ಟು ಕೊಂಡುಕೊಂಡಿದ್ದ ದಾಳಿ ಎಲ್ಲಿ? ಅದು ಮಣೆಯ ಮೇಲೆ ಇರಲೇ ಇಲ್ಲ. ಒಂದು ಬದಿಯಲ್ಲಿ ಅವನಿಗೆ ಮೂರು ಕಾಲಾಳು, ಅಲ್ಲಿ ನನಗೆ ಒಂದೇ. ಇನ್ನೊಂದು ಬದಿಯಲ್ಲಿ ನನಗೆ ನಾಲ್ಕು, ಅವನಿಗೆ ಎರಡು. ಅವನು ತನ್ನ ಮೂರನ್ನು ನಿಧಾನವಾಗಿ, ಎತ್ತು ಹೂಡಿದವನ ಹಾಗೆ ಮುಂದೆ ನಡೆಸಿದ. ನನ್ನ ನಾಲ್ಕನ್ನು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಮಂತ್ರಿ ಇಲ್ಲದ ಆಟವನ್ನು ನಾನು ಅವತ್ತಿನವರೆಗೆ ಆಡಿಯೇ ಇರಲಿಲ್ಲ. ಸೋತೆ.

ವಾಪಸ್ ಬರುವಾಗ ಬಸ್ಸಿನಲ್ಲಿ 'ಅವನ ಅದೃಷ್ಟ ಸಾರ್' ಅಂದೆ. ಮೇಷ್ಟ್ರು ಮಾತಾಡಲಿಲ್ಲ. ಮನೆಯಲ್ಲಿ ಅವ್ವನಿಗೂ ಅದನ್ನೇ ಹೇಳಿದೆ. ಅವಳು ನಂಬಿದಳು, ಅದೇ ಹೆಚ್ಚು ಕಷ್ಟವಾಯಿತು. ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಮೇಷ್ಟ್ರು ಮಣೆ ಹಾಸಿ, ನೆನ್ನೆಯ ಆಟವನ್ನು ಮೊದಲಿಂದ ಇಡು ಅಂದರು. ಇಟ್ಟೆ. ಅವನು ಕಾಲಾಳು ಕೊಟ್ಟ ಜಾಗಕ್ಕೆ ಬಂದಾಗ ನಿಲ್ಲಿಸಿ, 'ನಿನ್ನ ಐದನೇ ನಡೆ ಆದಮೇಲೆ ಅವನು ಸರಿಯಾಗಿ ಆಡಿದರೆ ಏನು ಆಡ್ತಾನೆ ಅಂತ ಯಾವತ್ತಾದರೂ ಕೂತು ನೋಡಿದ್ದೀಯೇನೋ?' ಎಂದು ಕೇಳಿದರು. ಇಲ್ಲ ಸಾರ್ ಅಂದೆ. 'ಅವನು ನೋಡಿದ್ದ. ಅದನ್ನ ಅದೃಷ್ಟ ಅಂತಾರೇನೋ?' ಅಂದರು. ಗದರಿಸಲಿಲ್ಲ. ಅಷ್ಟು ಹೇಳಿ ತರಗತಿಗೆ ಹೊರಟುಹೋದರು.

ಉತ್ತರ ಏನೆಂದು ಅವರಿಗೂ ಗೊತ್ತಿರಲಿಲ್ಲ. ಕೆಲವು ತಿಂಗಳ ನಂತರ ಬೆಂಗಳೂರಿಗೆ ಹೋದಾಗ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಯಲ್ಲಿ ಒಂದು ಇಂಗ್ಲಿಷ್ ಚೆಸ್ ಪುಸ್ತಕ ಕೊಂಡು ತಂದರು. ಅದರಲ್ಲಿ ನನ್ನ ಆಟ ಅರ್ಧ ಪುಟದಲ್ಲಿ ಅಚ್ಚಾಗಿತ್ತು. ಅವನ ಕಾಲಾಳು, ನನ್ನ ಒಂಟೆ, ಅವನ ಕುದುರೆ, ಮಂತ್ರಿ ತಿನ್ನುವುದು, ಚೆಕ್ ಬರುವುದು, ಎಲ್ಲವೂ ಒಂದೂ ತಪ್ಪದೆ. ಆಸ್ಟ್ರಿಯಾದ ಕಾರ್ಲ್ ಶ್ಲೆಕ್ಟರ್ ಹೆಸರಿನ ರಕ್ಷಣೆ ಅದು. 1910ರಲ್ಲಿ ವಿಶ್ವ ಚಾಂಪಿಯನ್ ಲಾಸ್ಕರ್ ಜೊತೆ ಹತ್ತು ಆಟ ಆಡಿ ಐದು-ಐದು ಅಂಕ ಸಮ ಮಾಡಿಕೊಂಡ ಮಹಾನುಭಾವ ಆತ. ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ ಜಗತ್ತು ಉತ್ತರ ಕಂಡುಕೊಂಡಿದ್ದ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಯುದ್ಧಕ್ಕೆ ಹೋಗಿದ್ದೆ.

ಒಂದು ಸೂಕ್ಷ್ಮ ಗಮನಿಸಿ. ಆ ಪುಸ್ತಕದ ಪ್ರಕಾರ ಕೊನೆಗೆ ಸಿಕ್ಕ ಸ್ಥಿತಿ ಸಮವೇ. ನನಗೆ ಅಲ್ಲಿ ಸೋಲಬೇಕಾದ ಕಾರಣ ಇರಲಿಲ್ಲ. ಆ ಹುಡುಗ ಮನೆಯಲ್ಲಿ ಆಡಿ ನೋಡಿದ್ದ ಸ್ಥಿತಿಗೆ ಬಂದು ಕುಳಿತಿದ್ದ, ನಾನು ಹಾದಿ ತಪ್ಪಿ ಬಂದು ಕುಳಿತಿದ್ದೆ. ಬೇರೆ ದಾರಿಯೂ ಇತ್ತು. ಅವನು ಕೊಟ್ಟ ಕಾಲಾಳನ್ನು ಒಂಟೆಯ ಬದಲು ಕಾಲಾಳಿನಿಂದಲೇ ತಿಂದಿದ್ದರೆ ಮಂತ್ರಿಗಳು ಮಣೆಯ ಮೇಲೇ ಉಳಿಯುತ್ತಿದ್ದವು. ಆಗ ನಮ್ಮದೇ ಕಾಲಾಳು ನಮ್ಮ ಒಂಟೆಯ ದಾರಿಗೆ ಅಡ್ಡ ನಿಲ್ಲುತ್ತದೆ, ಒಂದು ಕಾಲಾಳು ಕಡಿಮೆಯೂ ಇರುತ್ತದೆ. ಯಾವ ಕಷ್ಟ ಬೇಕು ಎಂದು ಮೊದಲೇ ಆರಿಸಿಕೊಳ್ಳಲು ಓದು ಬೇಕು. ಗಡಿಯಾರ ಓಡುತ್ತಿರುವಾಗ ಅದನ್ನು ಆರಿಸಿಕೊಳ್ಳಲು ಆಗುವುದಿಲ್ಲ.

'ಓದದೇ ಗೆದ್ದವರಿಲ್ಲವೇ' ಎಂದು ನೀವು ಕೇಳಬಹುದು. ಇದ್ದಾರೆ. ಪಂಜಾಬಿನ ಮೀರ್ ಸುಲ್ತಾನ್ ಖಾನ್. ನಮ್ಮ ದೇಸಿ ಚದುರಂಗದಲ್ಲಿ ಬೆಳೆದವರು. ಅದರಲ್ಲಿ ಕಾಲಾಳು ಮೊದಲ ಸಲವೂ ಒಂದೇ ಮನೆ ನಡೆಯುತ್ತದೆ, ಆದ್ದರಿಂದ ಯುರೋಪಿನ ಆರಂಭದ ನಡೆಗಳ ಪಾಠ ಅವರಿಗೆ ಆಗಿರಲಿಲ್ಲ. ಹಾಗಿದ್ದೂ 1929ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು, 1932 ಮತ್ತು 1933ರಲ್ಲಿ ಮತ್ತೆ ಆದರು. ಹೇಸ್ಟಿಂಗ್ಸ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನೇ ಸೋಲಿಸಿದರು. ಆದರೆ ಅವರ ಬಲ ಇದ್ದದ್ದು ಆಟದ ಮಧ್ಯ ಮತ್ತು ಕೊನೆಯಲ್ಲಿ. ಆರಂಭದಲ್ಲಿ ಸ್ವಲ್ಪ ಹಿಂದೆ ಬಿದ್ದರೂ ತಾಳ್ಮೆಯಿಂದ ಎಳೆದು ಗೆಲ್ಲುತ್ತಿದ್ದರು. ನಿಧಾನದ ಆಟದಲ್ಲಿ ಒಂದು ನಡೆ ಗೊತ್ತಿಲ್ಲದಿದ್ದರೆ ಸ್ವಲ್ಪ ನಷ್ಟ, ಮುಂದೆ ತುಂಬಿಕೊಳ್ಳಬಹುದು. ಗ್ಯಾಂಬಿಟ್‌ನಲ್ಲಿ ನಾವು ಮೊದಲೇ ಸಾಲ ಮಾಡಿರುತ್ತೇವೆ. ನಾಲ್ಕು ನಡೆಯೊಳಗೆ ದಾಳಿ ಹುಟ್ಟದಿದ್ದರೆ ಎದುರಾಳಿಯ ಕುದುರೆ ಒಂಟೆಗಳೂ ಎದ್ದುಬಿಡುತ್ತವೆ, ನಮ್ಮ ಕೈಯಲ್ಲಿ ಉಳಿಯುವುದು ಸಾಲ ಮಾತ್ರ. ಅವನಿಗೆ ಇನ್ನೊಂದು ಅನುಕೂಲವೂ ಇದೆ. ತಿಂದದ್ದನ್ನು ತನಗೆ ಬೇಕಾದ ಗಳಿಗೆಯಲ್ಲಿ ವಾಪಸ್ ಕೊಟ್ಟು ನಮ್ಮ ದಾಳಿಯನ್ನು ಮುಗಿಸಬಹುದು. ನನ್ನ ಎದುರಾಳಿ ಮಾಡಿದ್ದು ಅದನ್ನೇ.

ನಮ್ಮ ಕಡೆ ಶುಂಠಿ ಹಾಕಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೆಲೆ ಏರಿದರೆ ಎಕರೆಗೆ ಎಷ್ಟು ಬರುತ್ತದೆ ಎಂದು ನಾವೆಲ್ಲರೂ ಬೆರಳಲ್ಲಿ ಲೆಕ್ಕ ಹಾಕುತ್ತೇವೆ. ಕೊಳೆ ರೋಗ ಬಂದರೆ, ಬೆಲೆ ಬಿದ್ದರೆ ಏನು ಮಾಡುವುದು ಎಂದು ಹಾಕುವ ಮೊದಲೇ ಬರೆದಿಟ್ಟುಕೊಂಡವರು ಎಷ್ಟು ಜನ?

ದೊಡ್ಡವರು ಸೋತಾಗ ಏನು ಮಾಡುತ್ತಾರೆ ಎಂದು ಮಕ್ಕಳಿಗೆ ಹೇಳುತ್ತೇನೆ. 1960ರಲ್ಲಿ ಅರ್ಜೆಂಟೀನಾದ ಮಾರ್ ಡೆಲ್ ಪ್ಲಾಟಾದಲ್ಲಿ ರಷ್ಯಾದ ಸ್ಪಾಸ್ಕಿ ಅಮೆರಿಕದ ಬಾಬಿ ಫಿಷರ್ ವಿರುದ್ಧ ಕಿಂಗ್ಸ್ ಗ್ಯಾಂಬಿಟ್ ಆಡಿ ಗೆದ್ದರು. ಫಿಷರ್ ಆಗ ಹದಿನೇಳರ ಹುಡುಗ. ಮನೆಗೆ ಹೋಗಿ ಆ ಗ್ಯಾಂಬಿಟ್ ಅನ್ನು ಕೂತು ಬಗೆದು, ಮರುವರ್ಷ ಅದನ್ನು ಮುರಿಯುವ ದಾರಿ ಇದು ಎಂದು ಒಂದು ಲೇಖನವನ್ನೇ ಬರೆದರು. ಮಂತ್ರಿಯ ಮುಂದಿನ ಕಾಲಾಳನ್ನು ಒಂದೇ ಒಂದು ಮನೆ ಮುಂದಿಡುವ ಸಣ್ಣ ನಡೆಯಿಂದ ಆ ದಾರಿ ಶುರುವಾಗುತ್ತದೆ. ಸ್ವಾರಸ್ಯ ಏನೆಂದರೆ, ಮುಂದೆ ಅದೇ ಫಿಷರ್ ತಾವೇ ಬಿಳಿಯಾಗಿ ಕಿಂಗ್ಸ್ ಗ್ಯಾಂಬಿಟ್ ಆಡಿ ಗೆದ್ದರು. ಮೂರನೆಯ ನಡೆಗೆ ಕುದುರೆಯ ಬದಲು ಒಂಟೆಯನ್ನು ಎಬ್ಬಿಸಿದರು, ತಾವೇ ಬರೆದ ಮದ್ದು ತಮಗೆ ತಾಗದ ಹಾಗೆ. ಓದಿದರೆ ಧೈರ್ಯ ಹೋಗುತ್ತದೆ ಎನ್ನುವವರು ಇದನ್ನು ನೋಡಬೇಕು.

ಹಾಗೆಂದು ಬಾಯಿಪಾಠ ಸಾಲದು. ನಾನು ಪೊಟ್ಟಣ ಬಿಚ್ಚುವ ಹಿಂದಿನ ವರ್ಷ, 1988ರಲ್ಲಿ, ಸ್ವಿಟ್ಜರ್ಲೆಂಡಿನ ಬೀಲ್‌ನಲ್ಲಿ ನಮ್ಮ ಆನಂದ್ ಅವರೇ ಆರನೆಯ ನಡೆಗೆ ಸೋತಿದ್ದರು. ಎದುರಾಳಿ ಕೊಲಂಬಿಯಾದ ಜಪಾಟಾ. ಪೆಟ್ರೋವ್ ರಕ್ಷಣೆ ಎಂಬ ಆರಂಭ. ಆನಂದ್ ಐದನೆಯ ನಡೆಗೆ ಒಂಟೆಯನ್ನು ಹೊರಗಿಟ್ಟರು. ಜಪಾಟಾ ಮಂತ್ರಿಯನ್ನು ತಮ್ಮ ರಾಜನ ಮುಂದೆ ಒಂದು ಮನೆ ಸರಿಸಿದರು, ಅಷ್ಟೇ. ಆನಂದರ ಕುದುರೆ ಸಿಕ್ಕಿಬಿತ್ತು. ಅದು ಸರಿದರೆ ಹಿಂದೆ ರಾಜ, ನಿಂತರೆ ಸಾವು. ಅದೇ ಒಂಟೆಯ ನಡೆ ಅದಕ್ಕೂ ಮೊದಲು ಇಬ್ಬರು ಗ್ರ್ಯಾಂಡ್‌ಮಾಸ್ಟರ್‌ಗಳ ಆಟದಲ್ಲಿ ಬಂದಿತ್ತು. ಅಲ್ಲಿ ಬಿಳಿಯವರು ಅದನ್ನು ದಂಡಿಸಿರಲಿಲ್ಲ, ಆಟ ಡ್ರಾ ಆಗಿತ್ತು. ದೊಡ್ಡವರು ಆಡಿದ್ದಾರೆ ಎಂದ ಮಾತ್ರಕ್ಕೆ ನಡೆ ಸರಿಯಾಗುವುದಿಲ್ಲ. ನಡೆಯ ಜೊತೆಗೆ ಅದರ ಕಾರಣವೂ ಗೊತ್ತಿರಬೇಕು. ಮುಂದೆ ವಿಶ್ವ ಚಾಂಪಿಯನ್ ಆದವರಿಗೇ ಈ ಪಾಠ ಬೇಕಾಗಿದ್ದರೆ ನಮ್ಮಂಥವರ ಮಾತೇನು?

ಈಗ ಇವತ್ತಿನ ಮಕ್ಕಳ ವಿಷಯ. ನಮ್ಮ ಕಾಲದ ಕಡಲೆಕಾಯಿ ಪೊಟ್ಟಣದ ಜಾಗಕ್ಕೆ ಈಗ ಮೊಬೈಲ್ ಬಂದಿದೆ. ಎಂಟನೇ ತರಗತಿಯ ಒಬ್ಬ ಹುಡುಗಿ ಮೊಬೈಲಿನಲ್ಲಿ ಸ್ಟಾಫರ್ಡ್ ಗ್ಯಾಂಬಿಟ್ ಕಲಿತು ಬಂದಳು. ಅದೂ ಪೆಟ್ರೋವ್‌ನಿಂದಲೇ ಕವಲೊಡೆಯುತ್ತದೆ. ಕಪ್ಪು ಆಟಗಾರ ಒಂದು ಕಾಲಾಳು ಬಿಟ್ಟುಕೊಡುತ್ತಾನೆ. ಬಿಳಿಯವನು ಆಸೆಗೆ ಬಿದ್ದು ಒಂಟೆಯನ್ನು ಮುಂದೆ ತಂದು ಕುದುರೆಗೆ ಗುರಿಯಿಟ್ಟರೆ, ಕಪ್ಪಿನವನು ಮಂತ್ರಿಯನ್ನೇ ಬಿಟ್ಟು ಎಂಟನೆಯ ನಡೆಗೆ ಚೆಕ್‌ಮೇಟ್ ಮಾಡುತ್ತಾನೆ. ನೋಡಲು ಬಹಳ ಚಂದ. ಶಾಲೆಯಲ್ಲಿ ಎಲ್ಲರನ್ನೂ ಹಾಗೆ ಸೋಲಿಸಿದಳು. ತಾಲ್ಲೂಕಿನ ಪಂದ್ಯದಲ್ಲಿ ಎದುರಾಳಿ ಹುಡುಗಿ ಒಂಟೆಯನ್ನು ದೂರ ಕಳಿಸದೆ, ಒಂದೇ ಮನೆ ಎತ್ತಿ ತನ್ನ ರಾಜನ ಮುಂದೆ ಇಟ್ಟಳು. ಇವಳ ಬಳಿ ಮುಂದೆ ಏನೂ ಇರಲಿಲ್ಲ. ಸೋತು ಬಂದು ಅಳುತ್ತಾ, 'ಸಾರ್, ಅವಳು ವಿಡಿಯೋದಲ್ಲಿ ತೋರಿಸಿದ ಹಾಗೆ ಆಡಲೇ ಇಲ್ಲ' ಅಂದಳು. ಇನ್ನು ಆಡುವುದಿಲ್ಲ ಎಂದೂ ಅಂದಳು.

ನನಗೆ ನಗು ಬರಲಿಲ್ಲ. ಸೋತ ಮೇಲೆ ಎರಡು ವರ್ಷ ನಾನೂ ಮಣೆ ಮುಟ್ಟಿರಲಿಲ್ಲ. ಮೇಷ್ಟ್ರು ನನಗೆ ಮಾಡಿಸಿದ್ದನ್ನೇ ಅವಳಿಗೆ ಮಾಡಿಸಿದೆ. ಒಂದು ನೋಟ್‌ಬುಕ್. ಹಾಳೆಯ ಮಧ್ಯೆ ಒಂದು ಗೆರೆ. ಎಡಗಡೆ 'ಅವರು ತಪ್ಪಾಡಿದರೆ', ಬಲಗಡೆ 'ಅವರು ಸರಿಯಾಗಿ ಆಡಿದರೆ'. ಎಡಗಡೆ ಒಂದೇ ದಿನದಲ್ಲಿ ತುಂಬುತ್ತದೆ, ಮೊಬೈಲ್ ತುಂಬಿಸಿಕೊಡುತ್ತದೆ. ಬಲಗಡೆ ತುಂಬಲು ತಿಂಗಳುಗಳು ಬೇಕು. ಅಲ್ಲಿ ಎದುರಾಳಿಯ ಒಳ್ಳೆಯ ಉತ್ತರ ಬರೆಯಬೇಕು, ಅದಾದ ಮೇಲೆ ನನ್ನ ಯೋಜನೆ ಬರೆಯಬೇಕು, ನಾನು ಎಷ್ಟು ಹಿಂದೆ ಇದ್ದೇನೆ ಎಂದು ಸುಳ್ಳಿಲ್ಲದೆ ಬರೆಯಬೇಕು. ಬಲಗಡೆ ಖಾಲಿ ಇರುವ ಗ್ಯಾಂಬಿಟ್ ಅನ್ನು ಮನೆಯಲ್ಲಿ ಎಷ್ಟು ಬೇಕಾದರೂ ಆಡು, ಶಾಲೆಯ ಹೆಸರಿನಲ್ಲಿ ಆಡಬೇಡ. ಇದೊಂದೇ ನನ್ನ ನಿಯಮ.

ಅವಳು ತುಂಬಿಸಿದಳು. ಸ್ಟಾಫರ್ಡ್ ಬಗ್ಗೆ ಬಲಗಡೆಯ ಕೊನೆಯ ಸಾಲಿನಲ್ಲಿ ತಾನೇ ಬರೆದಳು: 'ಅವರು ಒಂಟೆಯನ್ನು ರಾಜನ ಮುಂದೆ ಇಟ್ಟರೆ ನನಗೆ ಒಂದು ಕಾಲಾಳು ಕಡಿಮೆ, ಮೇಟ್ ಇಲ್ಲ. ಗಾಬರಿ ಆಗಬಾರದು. ಡ್ರಾಗೆ ಆಡಬೇಕು.' ಹೋದ ತಿಂಗಳು ಇನ್ನೊಂದು ಪಂದ್ಯದಲ್ಲಿ ಸ್ಟಾಫರ್ಡ್ ಆಡಿದಳು, ಅದೇ ಉತ್ತರ ಬಂತು. ಈ ಸಲ ಅಳಲಿಲ್ಲ. ಐವತ್ತು ನಡೆಯವರೆಗೆ ಎಳೆದು ಡ್ರಾ ಮಾಡಿಕೊಂಡು ಬಂದಳು. ಅರ್ಧ ಅಂಕ. ನಾನು ಸೋತ ಆಟದಲ್ಲಿ ನನಗೆ ಸಿಗಬೇಕಾಗಿದ್ದ ಅರ್ಧ ಅಂಕ ಅದು ಎಂದು ನನಗೆ ಅನ್ನಿಸಿತು.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ಶಾಲೆಯಲ್ಲಿ ಈಗ ನಾಲ್ಕು ಮಣೆ ಇವೆ, ಮಕ್ಕಳು ಇಪ್ಪತ್ತಾರು. ಮಣೆಗಿಂತ ಮೊದಲು ಪುಸ್ತಕ ಕೊಡಿ. ಕಪಾಟು ಕೊಟ್ಟರೆ ಇನ್ನೂ ಸಂತೋಷ. ಮೇಷ್ಟ್ರು ಅವೆನ್ಯೂ ರಸ್ತೆಯಿಂದ ತಂದ ಆ ಪುಸ್ತಕವನ್ನು ನಾನು ಇಷ್ಟು ವರ್ಷ ಜೋಪಾನ ಮಾಡಿದ್ದೆ. ಇವತ್ತು ಅದನ್ನು ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸುತ್ತಿದ್ದೇನೆ. ರಟ್ಟು ಹೋಗಿದೆ, ಡೇನಿಶ್ ಗ್ಯಾಂಬಿಟ್ ಇರುವ ಪುಟ ಮಾತ್ರ ಗಟ್ಟಿಯಾಗಿದೆ.

ಮೇಷ್ಟ್ರು ಅಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಸಾರ್, ಆವತ್ತು ಬಸ್ಸಿನಲ್ಲಿ ನಾನು ಹೇಳಿದ್ದು ಸುಳ್ಳು. ಅದು ಅವನ ಅದೃಷ್ಟವಲ್ಲ. ಅವನು ಓದಿದ್ದ, ನಾನು ಓದಿರಲಿಲ್ಲ. ನಿಮಗೆ ಆಗಲೇ ಗೊತ್ತಿತ್ತು, ಆದರೂ ನನ್ನ ಬಾಯಿಂದ ಬರಲಿ ಎಂದು ಇಷ್ಟು ವರ್ಷ ಕಾದಿರಿ. ತಡವಾಯಿತು, ಕ್ಷಮಿಸಿ.